ತಂಗಿಗೆ ಹೋದ ಕೆಂಪಕ್ಷರದ ಮೇಲ್

ಬಂಧುಗಳೇ, ಹೊಸ ಮೇಲ್ ತೆರೆಯುವುದು ನನಗೆ ಇನ್ನೂ ಬರುವುದಿಲ್ಲ. ಹಳೆಯದೊಂದನ್ನು ತೆರೆದು, ಅಕ್ಷರ ಅಳಿಸಿ, ಅದರಲ್ಲೇ ಬರೆಯುತ್ತೇನೆ. ನಿನ್ನೆ ಸಿಕ್ಕಿದ್ದು ನಮ್ಮ ತಿರುವನಂತಪುರದ ಮನೆಯ ಗೃಹಪ್ರವೇಶದ ಕರೆಯೋಲೆ. ಅರಿಶಿನದ ಹಿನ್ನೆಲೆ, ಕುಂಕುಮದ ಬಣ್ಣದ ದಪ್ಪಕ್ಷರ. ಹೋದ ವರ್ಷ ಗಂಡನನ್ನು ಕಳೆದುಕೊಂಡ ಮೈಸೂರಿನ ತಂಗಿ ಶಾರದೆಗೆ ಅದರಲ್ಲೇ, "ಒಬ್ಬಳೇ ಕೂರಬೇಡ, ಬಾ, ವಿಳಿಂಜಂ ಬಂದರಿನಲ್ಲಿ ಹಡಗು ನೋಡೋಣ" ಎಂದು ಬರೆದು ಕಳಿಸಿದೆ. ಬಣ್ಣ ನನ್ನ ಕಂಪ್ಯೂಟರಿನದು, ಮಾತು ಮಾತ್ರ ಹೋಗುತ್ತದೆ ಎಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಮೊಮ್ಮಗಳು ಅದನ್ನು ನೋಡಿದಳು. "ಎಂತಾ ಅಜ್ಜೀ ಇದ್!" ಏನಿದು ಎಂದು ಮಲಯಾಳದಲ್ಲೇ ಕೂಗಿದಳು. "ಬಣ್ಣವೂ ಜೊತೇಲೇ ಹೋಗತ್ತೆ!"

"ಹಾಗಾದ್ರೆ ತಪ್ಪು ಕಂಪ್ಯೂಟರಿಂದು," ಎಂದೆ.

"ಅಲ್ಲ, ನಿಮ್ದೇ."

ಕೂಡಲೇ ತಂಗಿಗೆ ಫೋನ್ ಮಾಡಿದೆ. "ಶಾರದಾ, ಬೇಜಾರ್ ಮಾಡ್ಕೋಬೇಡ ಕಣೇ, ಆ ಬಣ್ಣ..."

"ಇರ್ಲಿ ಬಿಡಕ್ಕ," ಎಂದಳು. "ಅವರು ಹೋದ್ಮೇಲೆ ಯಾರೂ ನನ್ನನ್ನ ಒಂದು ಶುಭಕಾರ್ಯಕ್ಕೂ ಕರೆದಿಲ್ಲ. ನೀನು ಅರಿಶಿನ ಕುಂಕುಮ ಹಚ್ಚೇ ಕರೆದಿದೀಯ. ಭಾನುವಾರ ರೈಲು ಹತ್ತೀನಿ."

ಈಗ ತಪ್ಪು ಪೂರ್ತಿ ನನ್ನದೇ ಎನ್ನುತ್ತಿದ್ದೇನೆ. ಕಂಪ್ಯೂಟರಿಗೆ ಅದರಲ್ಲಿ ಪಾಲು ಕೊಡುವುದಿಲ್ಲ.