ಬೆಲ್ಲದ ನೀರು ಕುಡಿದ ಇಲಿಗಳು

ನಮ್ಮ ಸರ್ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.

ಎಂ.ಫಾರ್ಮ್ ಓದುವಾಗ ಬನಹಟ್ಟಿಯಿಂದ ದಿನಾ ಮೊದಲ ಬಸ್ಸಿಗೆ ಕಾಲೇಜಿಗೆ ಹೋಗುತ್ತಿದ್ದೆ. ಗಳಿಗೆಗೊಮ್ಮೆ ಉಚ್ಚೆಗೆ ಅವಸರವಾಗುವ ರೋಗಕ್ಕೊಂದು ಔಷಧ. ಅದನ್ನು ಇಲಿಗಳ ಮೇಲೆ ಪರೀಕ್ಷಿಸುವುದು ನನ್ನ ಪ್ರಯೋಗ. ಎಲ್ಲ ಇಲಿಗಳಿಗೂ ಮೂತ್ರಕೋಶ ಕೆರಳಿಸಿದ್ದೆವು. ಮೇಲಿನ ಸಾಲಿನ ಪಂಜರಗಳಿಗೆ ಔಷಧ, ಕೆಳಗಿನ ಸಾಲಿಗೆ ಇಲ್ಲ. ಪಂಜರದಡಿ ಫಿಲ್ಟರ್ ಪೇಪರ್ ಹಾಸಿ, ಬಿದ್ದ ಕಲೆಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿ ಎಣಿಸಬೇಕು. ಉಚ್ಚೆ ಎಣಿಸುತ್ತೇನೆ ಎಂದರೆ ಮನೆಯಲ್ಲಿ ನಗುತ್ತಿದ್ದರು. ಎರಡು ವರ್ಷ ಎಣಿಸಿದೆ.

ಸರ್ ನನ್ನ ಗೈಡು. ಬಾಡಗಂಡಿ ಕಡೆ ಅವರದು ಕಬ್ಬಿನ ಹೊಲ, ಸ್ವಂತ ಗಾಣ. ಗಾಣ ಶುರುವಾದಾಗ ಮೊದಲ ಬೆಲ್ಲವನ್ನು ಕಣ್ಣಿಗೆ ಬಿದ್ದವರಿಗೆಲ್ಲ ಹಂಚುವುದು ಅವರ ಮನೆಯ ರೂಢಿ. ಕೊಟ್ಟರೆ ಯಾರೂ ಒಲ್ಲೆ ಎನ್ನುವಂತಿಲ್ಲ. ಕೊನೆಯ ವಾರದ ಎಣಿಕೆ ನಡೆದಾಗ ಸರ್ ಬೆಲ್ಲ ತಂದರು. ನಮಗೆಲ್ಲ ಕೊಟ್ಟು, ಉಳಿದದ್ದನ್ನು ಕೈಯಾರೆ ಇಲಿಗಳ ನೀರಿನ ಬಾಟಲಿಗಳಿಗೆ ಕರಗಿಸಿ ಹಾಕಿದರು. ಕೆಳಗಿನಿಂದ ಶುರು ಮಾಡಿದ್ದರು, ಆ ಸಾಲು ಮುಗಿಯುವಷ್ಟರಲ್ಲಿ ಬೆಲ್ಲವೂ ಮುಗಿಯಿತು; ಮೇಲಿನವಕ್ಕೆ ಬರೀ ನೀರು. ಆ ಇಲಿಗಳು ಬಾಟಲಿಗೆ ಹಚ್ಚಿದ ಬಾಯಿ ತೆಗೆಯಲಿಲ್ಲ. ಮರುದಿನ ಅವುಗಳ ಕಾಗದವೆಲ್ಲ ತೊಯ್ದು ತೊಪ್ಪೆ.

ಎಣಿಕೆ ಕೆಟ್ಟಿತು, ಮತ್ತೆ ಮಾಡಬೇಕು ಎಂದೆ. ಸರ್ ಒಪ್ಪದೆ ತಾವೇ ಪೆನ್ಸಿಲ್ ಹಿಡಿದು ಎಣಿಸಿದರು. ಕೆಳಗೆ ಕಲೆ ಹೆಚ್ಚು, ಮೇಲೆ ಕಡಿಮೆ. ಔಷಧ ಗೆದ್ದಿತು ಎಂದು ಹಿಗ್ಗಿದರು. ನನ್ನ ಪ್ರಬಂಧದಲ್ಲೂ ಅದನ್ನೇ ಬರೆಸಿದರು. ನಾನು ತಕರಾರು ತೆಗೆದದ್ದಕ್ಕೆ, ಸಮ್ಮೇಳನಕ್ಕೆ ಕಳಿಸಿದ ಲೇಖನದಿಂದ ನನ್ನ ಹೆಸರನ್ನೇ ತೆಗೆದುಹಾಕಿದರು.

"ನಾಳೆ ಲಗ್ನ ಆಗಿ ಹೋಗಾಕಿ ನೀ. ನಿನಗ್ಯಾಕ ಬೇಕವ್ವಾ ಹೆಸರು?" ಎಂದರು.

ಮೈಯೆಲ್ಲ ಉರಿಯಿತು. ಎರಡೂ ಸಾಲಿನ ಕಾಗದಗಳನ್ನು ಎರಡು ಕಟ್ಟು ಕಟ್ಟಿ ಕಪಾಟಿನಲ್ಲಿಟ್ಟೆ. ನಾಲ್ಕು ದಿನಕ್ಕೆ ಕೆಳಗಿನ ಸಾಲಿನ ಕಟ್ಟಿಗೆ ಮಾತ್ರ ಇರುವೆ ಹತ್ತಿದವು. ಬಾಟಲಿಯಿಂದ ತೊಟ್ಟಿಕ್ಕಿದ ಬೆಲ್ಲದ ನೀರನ್ನೂ ಸರ್ ಉಚ್ಚೆಯೆಂದೇ ಎಣಿಸಿದ್ದರು. ನಾನು ಇರುವೆ ಝಾಡಿಸಲಿಲ್ಲ.

ವೈವಾಕ್ಕೆ ಹೊರಗಿನಿಂದ ಪರೀಕ್ಷಕರು ಬಂದರು. ಸರ್ ಔಷಧವನ್ನು ಹೊಗಳುತ್ತಿದ್ದಾಗ ಎರಡೂ ಕಟ್ಟು ಪರೀಕ್ಷಕರ ಮುಂದೆ ಮೇಜಿನ ಮೇಲಿಟ್ಟೆ.

"ಇವು ಖರೆ ಕಾಗದ ರೀ ಸರ್. ಬಿಚ್ಚಿ ನೋಡ್ರಿ," ಎಂದೆ.

ಕೆಳಗಿನ ಸಾಲಿನ ಕಟ್ಟಿನಿಂದ ಮೇಜಿನ ತುಂಬ ಇರುವೆ ಹರಿದವು. ಇಲಿ ಉಚ್ಚೆಗೆ ಇರುವೆ ಯಾಕೆ ಎಂದು ಪರೀಕ್ಷಕರು ಕೇಳಿದರು. ಇಲಿಗಳಿಗೆ ಸಕ್ಕರೆ ಕಾಯಿಲೆ ಇದ್ದೀತು ಎಂದು ಸರ್ ತಡವರಿಸಿದರು. ಕೆಳಗಿನ ಸಾಲಿನವಕ್ಕೆ ಮಾತ್ರವೇ ಎಂದು ಪರೀಕ್ಷಕರು ಮತ್ತೆ ಕೇಳಿದರು. ಆಗ ನಾನು ಬೆಲ್ಲದ ಕಥೆಯನ್ನು ನಿಧಾನವಾಗಿ, ಒಂದೂ ಬಿಡದೆ ಹೇಳಿದೆ. ಅಷ್ಟು ಖುಷಿ ನನಗೆ ಪದವಿ ಬಂದ ದಿನವೂ ಆಗಲಿಲ್ಲ.

ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನನ್ನ ಪ್ರಬಂಧವೂ ಬಿತ್ತು. ಬೇರೆ ಗೈಡಿನ ಕೈಕೆಳಗೆ ಹೊಸ ಇಲಿಗಳನ್ನಿಟ್ಟುಕೊಂಡು ಇನ್ನೊಂದು ವರ್ಷ ಎಣಿಸಿದೆ. ಔಷಧದಿಂದ ಏನೂ ಆಗಲಿಲ್ಲ. ಹಾಗೆಂದೇ ಬರೆದು, ಮೇಲೆ ನನ್ನ ಹೆಸರು ಹಾಕಿದೆ.

ಈಗಲೂ ಗಾಣ ಶುರುವಾದಾಗ ಹೊಸ ಬೆಲ್ಲ ಕೊಂಡು ಸರ್ ಮನೆಗೆ ಕಳಿಸುತ್ತೇನೆ. ರೂಢಿ ಅವರದೇ, ಒಲ್ಲೆ ಎನ್ನುವಂತಿಲ್ಲ. ಡಬ್ಬಿಯ ಮೇಲೆ ನನ್ನ ಹೆಸರನ್ನು ದೊಡ್ಡದಾಗಿ ಬರೆದಿರುತ್ತೇನೆ.