ಸೀಟೂ ತಗೋ, ವಲ್ಲೀನೂ ತಗೋ

ಪಾಸ್ಟರ್ ಸಾಹೇಬ್ರ, ಆಣಿ ಮಾಡಬಾರದಂತ ನೀವ ಕಲಿಸೀರಿ, ಅದಕ್ಕ ಮಾಡೂದಿಲ್ಲ. ಆದ್ರ ಈ ಸಲ ಒಂದೊಂದ ಮಾತೂ ಖರೇ ಐತ್ರಿ. ಈ ಐತವಾರ ಚರ್ಚಿನ್ಯಾಗ ಸಾಕ್ಷಿ ಹೇಳಾಕ ನನ್ನ ನಿಂದರಸ್ರಿ. ಹೊಳೆಮಣ್ಣೂರಾಗ ಮಲಪ್ರಭಾದ ನೀರಿನ ಮ್ಯಾಲ ನಡದ ಬಂದೆ ಅಂತ ಹೇಳಿದಾಗಿಂದ ನೀವು ನನ್ನ ಬಾಯಿ ಬಂದ್ ಮಾಡೀರಿ.

ನಿನ್ನಿ ನರಗುಂದದಾಗ ರೋಣದ ಬಸ್ ಬಂತು. ಖಿಡಕ್ಯಾಗಿಂದ ನನ್ನ ಹೆಗಲ ಮ್ಯಾಲಿನ ವಲ್ಲಿ ಒಗದು ಸೀಟ ಹಿಡದೆ. ಒಳಗ ಹೋಗೂದ್ರಾಗ ಬೆಳವಣಕಿ ಕಡೆಯಾಂವ ಒಬ್ಬ ದಾಂಡಿಗ ವಲ್ಲಿ ಮ್ಯಾಲನ ಕುಂತಿದ್ದ.

"ತಮ್ಮಾ, ವಲ್ಲಿ ನಂದು" ಅಂದೆ.

"ವಲ್ಲಿ ನಿಂದ ಇರಬಹುದು ಮುತ್ಯಾ, ಸೀಟ ಸರಕಾರದ್ದು" ಅಂದ.

ಮೊದಲಿನ ನಾನಾಗಿದ್ರ ಅವನ ಕಿವಿ ತಿರುವತಿದ್ದೆ. ಆದ್ರ ಒಂದ ಕಸಗೊಂಡಾವಗ ಇನ್ನೊಂದೂ ಕೊಡ್ರಿ ಅಂತ ನೀವು ಉಪದೇಶ ಮಾಡಿದ್ದು ನೆನಪಾತು. "ಸೀಟೂ ತಗೋ, ವಲ್ಲೀನೂ ತಗೋ" ಅಂದೆ. ನನ್ನ ಹೇಂತಿ ಅಂಚಿಗೆ ಕೆಂಪ ದಾರದ ಶಿಲುಬಿ ಹಾಕಿದ ವಲ್ಲಿರಿ ಅದು. ಜಗತ್ತಿನ್ಯಾಗ ಅಂಥಾದ್ದು ಅದೊಂದ.

ಅಂವ ನನ್ನ ಕಾಲಿಗೆ ಬಿದ್ದ. ಬಸ್ಸಿನ್ಯಾಗಿನ ಮಂದಿ ಎಲ್ಲಾ ಎದ್ದ ನಿಂತರು. ಡ್ರೈವರ್ ಸುದ್ದಾ ತನ್ನ ಸೀಟ ಬಿಟ್ಟಕೊಟ್ಟ. ದಾಂಡಿಗ ವಲ್ಲಿಗೆ ಮಾರಿ ಒತ್ತಿ ಅತಗೊಂತ, ಅದನ್ನ ತನ್ನ ಮನಿಗೇ ಒಯ್ದ.

ಯಾಕ್ರಿ ಸಾಹೇಬ್ರ, ಬೆವರ ಒರಸಿಕೊಂಡ್ರ ಹಂಗ್ಯಾಕ ನೋಡತೀರಿ? ಏನಂದ್ರಿ? ಈ ವಲ್ಲಿ ಅಂಚಿಗೂ ಕೆಂಪ ಶಿಲುಬಿ ಐತಿ ಅಂತೀರಾ?

ಆತ ಬಿಡ್ರಿ, ಐತವಾರ ಇದನ್ನ ಹೊದಕೊಂಡ ಬರೂದಿಲ್ಲ.