ಪುಸ್ತಕದಲ್ಲಿ ಇಲ್ಲದ ಎಪ್ಪತ್ತೆರಡು ಕೆಜಿ

೨೦೦೫ನೇ ಇಸವಿ, ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಇಳಕಲ್ಲಿನ ಒಂದು ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ನಾನು ಒಂದು ಉತ್ತರ ಓದುತ್ತಿದ್ದೆ. ಗಡಿಯಾರ ಕಂಪ್ಯೂಟರಿನ ಮೇಲಿನ ಗೋಡೆಗೇ ಇತ್ತು. ಅದಕ್ಕೇ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ.

ಆಗ ನಾನು ಬಿ.ಎಸ್ಸಿ. ಮುಗಿಸಿ ಪಿಯುಸಿ ಹುಡುಗರಿಗೆ ಮನೆಯಲ್ಲಿ ಭೌತಶಾಸ್ತ್ರ, ಗಣಿತ ಹೇಳಿಕೊಡುತ್ತಿದ್ದೆ. ನನಗೆ ಬಿಡಿಸಲಾಗದ ಲೆಕ್ಕಗಳೂ ಬರುತ್ತಿದ್ದವು. ಅವನ್ನು ಒಂದು ಚೀಟಿಯಲ್ಲಿ ಕೂಡಿಸಿಟ್ಟು ವಾರಕ್ಕೆರಡು ಸಲ ಇಂಟರ್‌ನೆಟ್ಟಿನ ಒಂದು ತಾಣದಲ್ಲಿ ಹಾಕುತ್ತಿದ್ದೆ. ಯಾವ ದೇಶದವರೋ, ಹೆಸರೂ ಹೇಳದವರು, ಬಿಡಿಸಿ ಕಳಿಸುತ್ತಿದ್ದರು. ಅಲ್ಲಿ ಶಾಲೆ ಕಾಲೇಜಿನ ಲೆಕ್ಕ ಮಾತ್ರ ಕೇಳಬೇಕು ಎಂಬ ನಿಯಮವಿತ್ತು. ನನ್ನ ಟ್ಯೂಶನ್ನಿನಲ್ಲೂ ಅಂಥದೇ ಒಂದು ನಿಯಮ ನಾನು ಮಾಡಿದ್ದೆ. "ಸಿಲಬಸ್ಸಿನಾಗ ಇಲ್ಲದ್ದು ಕೇಳಿ ಟೈಮ್ ಹಾಳ ಮಾಡಬ್ಯಾಡ್ರಿ" ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದೆ.

ಶುಕ್ರವಾರ ನೀಲಾ ಒಂದು ಲೆಕ್ಕ ತಂದಿದ್ದಳು. ನೇಕಾರ ಸಂಗಪ್ಪನವರ ಮಗಳು, ಪಿಯುಸಿ ಮೊದಲ ವರ್ಷ ಮುಗಿಸಿದ್ದ ಚುರುಕು ಹುಡುಗಿ. ಹದಿನೇಳು ಅಡಿ ಅಂತರದಲ್ಲಿ ಒಂದು ತಂತಿ ಕಟ್ಟಿದೆ. ಅದು ಮುನ್ನೂರು ಕೆಜಿ ತಡೆಯುತ್ತದೆ. ನಡುವೆ ಎಪ್ಪತ್ತೆರಡು ಕೆಜಿಯ ಮನುಷ್ಯ ತೂಗಿದಾಗ ಅರ್ಧ ಅಡಿ ಜೋಲುತ್ತದೆ. ತಂತಿ ತಡೆಯುವುದೇ?

ನಾನು ಅವಸರದಲ್ಲಿದ್ದೆ. "ಎರಡು ಕಡೆ ಕಟ್ಟೇತಿ ಅಂದಮ್ಯಾಲ ಅರ್ಧ ಅರ್ಧ ಭಾರ. ಆ ಕಡೆ ಮೂವತ್ತಾರು, ಈ ಕಡೆ ಮೂವತ್ತಾರು. ತಡೀತೈತಿ" ಎಂದೆ. ಆಮೇಲೆ ಯಾಕೋ ಅನುಮಾನ ಬಂದು, "ಇರ್ಲಿ, ನೆಟ್ಟಿನಾಗೂ ಒಮ್ಮೆ ಕೇಳ್ತೇನಿ" ಎಂದು ಚೀಟಿಯಲ್ಲಿ ಬರೆದುಕೊಂಡೆ. ಅಂದು ಸಂಜೆಯೇ ತಾಣದಲ್ಲಿ ಹಾಕಿದೆ. ಹೋಗುವಾಗ ನೀಲಾ, "ರವಿವಾರ ನಾ ಬರೂದಿಲ್ರಿ ಮೇಡಂ. ಮನಿ ಬಾವಿ ಹೂಳ ತಗಿಯೂದೈತಿ" ಎಂದಿದ್ದಳು. ಎರಡು ಮಾತನ್ನೂ ನಾನು ಕೂಡಿಸಲಿಲ್ಲ.

ಅನುಮಾನಿಸಿದವನು ತಾಣದಲ್ಲಿ ಉತ್ತರ ಬರೆದ ಒಬ್ಬ ಅಪರಿಚಿತ. ಅವನ ಉತ್ತರದಲ್ಲಿ ಲೆಕ್ಕ ಕೊನೆಗಿತ್ತು. ಮೊದಲು ಇದ್ದದ್ದು ಇಷ್ಟು: "ಇದು ನಿಜವಾಗಿ ಪುಸ್ತಕದ ಲೆಕ್ಕವೇ? ಪುಸ್ತಕ ಬರೆಯುವವರು ಎಪ್ಪತ್ತೆರಡು, ಹದಿನೇಳು ಎಂಬಂಥ ಸಂಖ್ಯೆ ಕೊಡುವುದಿಲ್ಲ. ಇವು ಯಾರೋ ಅಳೆದು ತಂದ ಸಂಖ್ಯೆಗಳು. ಹಾಗಿದ್ದರೆ ದಯವಿಟ್ಟು ಆ ಮನುಷ್ಯನನ್ನು ತಂತಿಗೆ ತೂಗುಹಾಕಬೇಡಿ. ತಂತಿ ಬಿಗಿಯಾದಷ್ಟೂ ಎಳೆತ ಹೆಚ್ಚು. ಇಲ್ಲಿ ಅದು ಆರುನೂರು ಕೆಜಿ ದಾಟುತ್ತದೆ. ನಂಬಿಕೆ ಬಾರದಿದ್ದರೆ ಮೊದಲು ಅಷ್ಟೇ ತೂಕದ ಚೀಲ ಕಟ್ಟಿ ನೋಡಿ."

ನೀಲಾ ಹೇಳಿದ ಬಾವಿಯ ಮಾತು ಆಗ ನೆನಪಾಯಿತು. ಸೆಂಟರ್ ನಡೆಸುತ್ತಿದ್ದ ರಫೀಕಣ್ಣನಿಗೆ, "ಗಾಡಿ ತಗೀರಿ, ನೇಕಾರ ಓಣಿಗೆ ಹೋಗಬೇಕು" ಎಂದೆ.

"ಗಿರಾಕಿ ಕುಂತಾರಲ್ರಿ ಅಕ್ಕಾರ."

"ಒಬ್ಬ ಮನಿಶ್ಯಾ ಸಾಯ್ತಾನರಿ."

ಅವರು ಚಪ್ಪಲಿಯನ್ನೂ ಮೆಟ್ಟದೆ ಗಾಡಿ ಹತ್ತಿದರು.

ಸಂಗಪ್ಪನವರ ಹಿತ್ತಿಲಲ್ಲಿ ಏಳೆಂಟು ಜನ ಸೇರಿದ್ದರು. ಬಾವಿಯ ಈಚೆ ಬೇವಿನ ಮರ, ಆಚೆ ಕಲ್ಲಿನ ಕಂಬ. ಎರಡರ ನಡುವೆ ಸಣ್ಣ ತಂತಿಹಗ್ಗ ಗೆರೆ ಎಳೆದಂತೆ ನೆಟ್ಟಗೆ ನಿಂತಿತ್ತು. ನಡುವಿಗೆ ನೀರು ಸೇದುವ ಗಡಗಡಿ, ಗಡಗಡಿಯಲ್ಲಿ ಹಗ್ಗ, ಹಗ್ಗದ ತುದಿಗೆ ಒಂದು ಹಲಗೆ. ಸಂಗಪ್ಪನವರ ತಮ್ಮ ಮಹಾಂತೇಶ ಕಟ್ಟೆಗೆ ಆನಿಸಿಟ್ಟ ಆ ಹಲಗೆಯ ಮೇಲೆ ಕೂತು, ಕಾಲು ಬಾವಿಯೊಳಗೆ ಬಿಟ್ಟು, ಕಟ್ಟೆಯನ್ನು ಇನ್ನೂ ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಇವತ್ತಿಗೂ ನನಗೆ ಮೊದಲು ಕಾಣುವುದು ಆ ಕೈ.

"ಇಳೀಬ್ಯಾಡ್ರಿ" ಎಂದು ಕೂಗಿದೆ.

ಸಂಗಪ್ಪನವರಿಗೆ ಕಸಿವಿಸಿಯಾಯಿತು. "ಯಾಕ್ರಿ ಮೇಡಂ? ನೀವ ಅಂದ್ರೆಂತಲ್ಲ, ಅರ್ಧ ಅರ್ಧ ಭಾರ ಅಂತ?"

"ನಾ ತಪ್ಪ ಹೇಳಿದ್ನಿರಿ. ತಂತಿ ಭಾಳ ಬಿಗಿ ಆಗೇತಿ, ಹರೀತೈತಿ."

ಅವರು ನಕ್ಕುಬಿಟ್ಟರು. "ಬಿಗಿ ಇದ್ರ ಹರಿಯೂದಿಲ್ರಿ. ಮಗ್ಗದಾಗ ಹಾಸಿನ ನೂಲ ಸಡ್ಲ ಬಿಟ್ರ ಎಳಿ ಹರಿತಾವು. ನಲವತ್ತ ವರ್ಷ ಆತು ನಾ ಮಗ್ಗದ ಕುಣ್ಯಾಗ ಕುಂತು. ಬೆಳಿಗ್ಗಿಂದ ನಾಕ ಮಂದಿ ಜಗ್ಗಿ ಜಗ್ಗಿ ಬಿಗದೇವಿ ಅದನ್ನ."

ಅವರ ಮಾತು ಮಗ್ಗಕ್ಕೆ ನಿಜ. ಆದರೆ ನೂಲು ಮನುಷ್ಯನನ್ನು ಹೊರುವುದಿಲ್ಲ. "ಒಂದ ಚೀಲ ಕಟ್ಟಿ ನೋಡ್ರಿ. ಅಷ್ಟ ಮಾಡ್ರಿ. ಏನೂ ಆಗಲಿಲ್ಲಂದ್ರ ನಾ ಸುಮ್ನ ಹೋಗ್ತೇನಿ" ಎಂದೆ.

ಮಹಾಂತೇಶನೇ ಎದ್ದ. "ಆಗ್ಲಿ ಬಿಡಪಾ ಅಣ್ಣ. ಇವತ್ತ ನನಗಿಂತ ಚೀಲಕ್ಕ ಮರ್ಯಾದಿ ಜಾಸ್ತಿ" ಎಂದು ನಗುತ್ತ, ತಾನೇ ಮರಳು ತುಂಬಿ ಎತ್ತಿ ನೋಡಿದ. "ನನಗಿಂತ ಹಗರ ಐತಿ ಇದು."

ಚೀಲವನ್ನು ಹಲಗೆಗೆ ಕಟ್ಟಿ, ಕಟ್ಟೆಯಿಂದ ನಡುವಿಗೆ ನೂಕಿದರು. ತಂತಿ ಕಿರ್ ಎಂದಿತು. ನಾನು ಮನಸ್ಸಿನಲ್ಲಿ ಒಂದು, ಎರಡು ಎಣಿಸಿದೆ. ಮೂರು ಎನ್ನುವಷ್ಟರಲ್ಲಿ ಬೇವಿನ ಮರದ ಕಡೆ ತಂತಿ ಹರಿದು, ಬಾವಿಯ ಮೇಲೆ ಹಾವಿನಂತೆ ಬೀಸಿ, ಎದುರಿನ ಕಲ್ಲಿಗೆ ಬಡಿಯಿತು. ಚೀಲ ಕೆಳಗೆ ಬಿದ್ದ ಸದ್ದು ಸ್ವಲ್ಪ ತಡವಾಗಿ ಕೇಳಿಸಿತು. ಬಾವಿ ಅಷ್ಟು ಆಳವಿತ್ತು.

ಮಹಾಂತೇಶ ಮೆಲ್ಲಗೆ ಕಟ್ಟೆಯಿಂದ ದೂರ ಸರಿದು ನೆಲದ ಮೇಲೆ ಕೂತ. ಸಂಗಪ್ಪನವರು ಹರಿದ ತುದಿಯನ್ನು ಕೈಯಲ್ಲಿ ಹಿಡಿದು, ನೂಲಿನ ಎಳೆ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

ನೀಲಾ ಅಳುತ್ತಿದ್ದಳು. "ಖರೇ ಬಾವಿ ಅಂತ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಸಿಲಬಸ್ಸಿನಾಗ ಇಲ್ಲದ್ದು ಕೇಳಬ್ಯಾಡ್ರಿ ಅಂದಿದ್ರಲ್ರಿ" ಎಂದಳು. "ಅದಕ್ಕ ಲೆಕ್ಕದಂಗ ಬರದ ತಂದ್ನಿ."

ಅಪ್ಪ ಕಟ್ಟಲಿದ್ದ ತಂತಿಯ ಮೇಲೆ ಅವಳಿಗೆ ಅನುಮಾನ ಬಂದಿತ್ತು, ಕೇಳಲು ನನ್ನ ಹತ್ತಿರ ಬಂದಿದ್ದಳು. ಅವಳ ಅನುಮಾನವನ್ನು ನಾನೇ ಅರ್ಧ ನಿಮಿಷದಲ್ಲಿ ಹೊಡೆದುಹಾಕಿದ್ದೆ. ಅರ್ಧ ಅರ್ಧ. ಕಣ್ಣು ಮುಚ್ಚಿದರೆ ಸಾಕು, ಆ ಎರಡು ಪದ, ಆಮೇಲೆ ಚೀಲ ಬಿದ್ದ ಸದ್ದು. ಎಚ್ಚರವಾಗಿ ನೀರು ಕುಡಿದು ಮಲಗಿದರೆ ಮತ್ತೆ ಅದೇ. ವಾರಗಟ್ಟಲೆ ಹೀಗಾಯಿತು. ಸೆಂಟರಿಗೆ ಹೋಗಿ ಆ ಅಪರಿಚಿತನಿಗೆ ನಡೆದದ್ದೆಲ್ಲ ಬರೆದೆ. "ಮನುಷ್ಯ ಕ್ಷೇಮವೇ? ಅಷ್ಟು ಸಾಕು" ಎಂದು ಉತ್ತರ ಬಂತು. ಮುಂದೆ ಅವನ ಸುಳಿವೇ ಸಿಗಲಿಲ್ಲ. ಯಾರೋ, ಎಲ್ಲಿಯವನೋ, ಇವತ್ತಿಗೂ ಗೊತ್ತಿಲ್ಲ. ನನ್ನ ಮುಂದೆ ನಿಂತಿದ್ದ ಹುಡುಗಿಯ ಮುಖದಲ್ಲಿ ನಾನು ಕಾಣದ್ದನ್ನು ಅವನು ಎರಡು ಸಂಖ್ಯೆಯಲ್ಲಿ ಕಂಡಿದ್ದ.

ಈಗಲೂ ಬಟ್ಟೆ ಒಣಹಾಕುವ ತಂತಿ ಎಲ್ಲಾದರೂ ಬಿಗಿಯಾಗಿ ಕಂಡರೆ, ಬೇರೆಯವರ ಮನೆಯಾದರೂ ಸರಿ, ಹೋಗಿ ಸ್ವಲ್ಪ ಸಡಿಲ ಮಾಡುತ್ತೇನೆ.

ಮೇ ಕೊನೆಗೆ ಸಂಗಪ್ಪನವರು ಬಾವಿಯ ಸುತ್ತ ಮೂರು ದಪ್ಪ ಮರದ ಕಾಲು ನೆಟ್ಟು, ತುದಿ ಕೂಡಿಸಿ ಕಟ್ಟಿ, ಹೊಸ ಹಗ್ಗ ತಂದು, ಮತ್ತೆ ಹೂಳು ತೆಗೆಸಿದರು. ಮೊದಲೇ ನನಗೆ ಹೇಳಿಕಳಿಸಿದ್ದರು. ನಾನು ಬೆಳಗಿನಿಂದ ಕಟ್ಟೆಯ ಹತ್ತಿರವೇ ನಿಂತಿದ್ದೆ. ಮೊದಲು ಮರಳಿನ ಚೀಲ ಇಳಿದು ಹತ್ತಿತು, ಯಾರೂ ಹೇಳದೆಯೇ. ಆಮೇಲೆ ಮಹಾಂತೇಶ. ಸಂಜೆ ಅವನು ಮೈತುಂಬ ಕೆಸರಾಗಿ ಮೇಲೆ ಬಂದು ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಅಂದು ಮಲಗಿದವಳಿಗೆ ನಡುವೆ ಎಚ್ಚರವೇ ಆಗಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಗೆ ಬಂದಿತ್ತು, ಬಾಗಿಲು ಬಡಿಯುತ್ತಿದ್ದರು. ತೆರೆದರೆ ನೀಲಾ, ಹಿಂದೆ ಐದಾರು ಹುಡುಗರು.

"ಎಂಟ ಹೊಡೀತ್ರಿ ಮೇಡಂ, ಟ್ಯೂಶನ್ ಇಲ್ಲೇನ್ರಿ ಇವತ್ತ?" ಎಂದಳು. ನೋಟುಬುಕ್ಕು ತೆರೆದೇ ಹಿಡಿದಿದ್ದಳು. "ಒಂದ ಲೆಕ್ಕ ಐತ್ರಿ. ಇದು ಪುಸ್ತಕದ್ದರಿ."